ಐದನೇ ದನಿಯ ನಡುಕ

ಕಿವಿಯಣ್ಣನ ಕಿವಿಗಳು ನೋಡಲು ಎಲ್ಲರ ಕಿವಿಗಳ ಹಾಗೇ ಇದ್ದವು. ಎಡಗಿವಿಯ ಹಿಂದೆ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದ ಎನ್ನುವುದನ್ನು ಬಿಟ್ಟರೆ ಅವುಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಆ ಕಿವಿಗಳಿಂದ ಅವನ ಸುತ್ತಲಿನವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಯಾರದಾದರೂ ಮನೆಗೆ ಹೋದರೆ ಕುಶಲ ವಿಚಾರಿಸುವ ಮೊದಲೇ "ನಿಮ್ಮ ಕಾಲಿಂಗ್ ಬೆಲ್ಲು ಸ್ವಲ್ಪ ಇಳಿದಿದೆ" ಎನ್ನುತ್ತಿದ್ದ. ಫ್ರಿಜ್ಜಿನ ಸದ್ದಿಗೂ ಫ್ಯಾನಿನ ಸದ್ದಿಗೂ ಹೊಂದಿಕೆಯಾಗುತ್ತಿಲ್ಲ ಎಂದು ಊಟದ ನಡುವೆ ಎದ್ದು ಹೋಗಿ ಫ್ಯಾನು ಆರಿಸಿ ಬರುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಏನೋ ಗುನುಗಿಕೊಂಡಿದ್ದಳಂತೆ. ಇವನು ಬಾಗಿಲಲ್ಲಿ ನಿಂತು, ಪ್ರೀತಿಯಿಂದಲೇ, "ಎರಡನೇ ಸಾಲಲ್ಲಿ ಒಂಚೂರು ಕೆಳಗೆ ಹೋಗ್ತಿದ್ದೀಯ" ಎಂದನಂತೆ. ಅವತ್ತು ಬಾಯಿಗೆ ಹಾಕಿಕೊಂಡ ಬೀಗವನ್ನು ಆಕೆ ಇವತ್ತಿನವರೆಗೂ ತೆಗೆದಿಲ್ಲ. ಹಾಡುವುದಕ್ಕೆ ಮಾತ್ರ, ಮಾತಿಗೆ ಆ ಬೀಗ ಅನ್ವಯವಾಗಲಿಲ್ಲ.

ಅವನ ಕಸುಬು ಕೀಬೋರ್ಡು, ಆರ್ಗನ್ನು, ಸಿಂಥಸೈಸರ್ ರಿಪೇರಿ. ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕಿರುಕೋಣೆ ಅವನ ಅಂಗಡಿ. ಗೋಡೆಗೆ ಒರಗಿಸಿಟ್ಟ ಹಲ್ಲುದುರಿದ ಕೀಬೋರ್ಡುಗಳು, ಮೇಜಿನ ಮೇಲೆ ಬಿಸ್ಕೆಟ್ ಡಬ್ಬಿಗಳಲ್ಲಿ ಬಿಡಿಭಾಗಗಳು, ಮಧ್ಯದಲ್ಲಿ ಇವನು. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇದನ್ನು ಬೇರೆಯವರು ಹೇಳಲಿ ಎಂದು ಕಾಯುವ ಸಂಕೋಚವೂ ಅವನಿಗಿರಲಿಲ್ಲ. "ನನ್ನ ಕೈಯಿಂದ ಒಂದು ಕೆಟ್ಟ ಬೆಸುಗೆ ಹೊರಗೆ ಹೋಗಿದ್ದು ತೋರಿಸಿ, ಕಸುಬು ಬಿಡ್ತೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಯಾರೂ ತೋರಿಸಿರಲಿಲ್ಲ. ಬಂದವರ ಮಾತನ್ನು ಅವನು ಪೂರ್ತಿ ಕೇಳುತ್ತಿದ್ದದ್ದೂ ಕಡಿಮೆ; ಅವನಿಗೆ ದನಿ ಕೇಳುತ್ತಿತ್ತು, ಮಾತು ಅಷ್ಟಾಗಿ ಕೇಳುತ್ತಿರಲಿಲ್ಲ.

ಇಂಥವನ ಜೀವನದಲ್ಲಿ ಒಂದೇ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ಅದು ಅವನ ಅಕ್ಕನ ಸಿಂಥಸೈಸರ್.

ಅಕ್ಕ ಅವನಿಗಿಂತ ಏಳೆಂಟು ವರ್ಷ ದೊಡ್ಡವಳು. ಹಿಂದೆ ರೇಡಿಯೊ ಜಾಹೀರಾತುಗಳಿಗೆ, ನಾಟಕಗಳಿಗೆ, ಒಂದೆರಡು ಧಾರಾವಾಹಿಗಳಿಗೆ ನುಡಿಸಿದವಳು. ರೈಲು ನಿಲ್ದಾಣದಲ್ಲಿ ಪ್ರಕಟಣೆಗೆ ಮುಂಚೆ ನಾಲ್ಕು ಸ್ವರ ಬರುತ್ತದಲ್ಲ, ಅದು ಅಕ್ಕನದೇ. ದಿನವೂ ಸಾವಿರಾರು ಜನ ಅದನ್ನು ಕೇಳಿ ಚೀಲ ಎತ್ತಿಕೊಂಡು ಓಡುತ್ತಾರೆ. ಯಾರ ಕೈಯದು ಎಂದು ಒಬ್ಬರೂ ಕೇಳಿದ್ದಿಲ್ಲ. ಮದುವೆಯ ವಿಷಯ ಎತ್ತಿದವರಿಗೆ ಆಕೆ ಕೋಣೆಯಲ್ಲಿದ್ದ ಆ ದೊಡ್ಡ ಪೆಟ್ಟಿಗೆಯನ್ನು ತೋರಿಸಿ, "ಆಗಲೇ ಐದು ಜನರ ಜೊತೆ ಸಂಸಾರ ಮಾಡ್ತಿದ್ದೀನಿ, ಇನ್ನೊಬ್ಬರಿಗೆ ಜಾಗ ಇಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಐದು ಜನ ಎಂದರೆ ಪೆಟ್ಟಿಗೆಯೊಳಗಿನ ಐದು ದನಿಗಳು. ಸಿಂಥಸೈಸರ್‌ನಲ್ಲಿ ತಂತಿಯಿಲ್ಲ, ತಿದಿಯಿಲ್ಲ, ವಿದ್ಯುತ್ತೇ ಸ್ವರವಾಗುತ್ತದೆ. ಅಕ್ಕನ ಪೆಟ್ಟಿಗೆಯಲ್ಲಿ ಒಂದೊಂದು ದನಿಗೂ ಒಂದೊಂದು ಬೋರ್ಡು. ಒಂದೇ ಕೀಯನ್ನು ಐದು ಸಲ ಒತ್ತಿದರೆ ಐವರೂ ಸರದಿಯ ಪ್ರಕಾರ ಬಂದು ಹಾಡುತ್ತಾರೆ. ಐದಕ್ಕಿಂತ ಹೆಚ್ಚು ಕೀ ಒಟ್ಟಿಗೆ ಒತ್ತಿದರೆ ಮೊದಲು ಹಾಡುತ್ತಿದ್ದವನು ತುಟಿ ಪಿಟಕ್ಕೆನ್ನದೆ ತನ್ನ ಸ್ವರ ಬಿಟ್ಟು ಹೊಸದಕ್ಕೆ ಓಡಬೇಕು. ಹಳೆಯ ಯಂತ್ರವಾದ್ದರಿಂದ ಐವರೂ ಒಂದೇ ಥರ ಇರಲಿಲ್ಲ. ಮೂರನೆಯದು ಬಿಸಿಯಾದಂತೆ ಶ್ರುತಿಯಿಂದ ಕೂದಲೆಳೆಯಷ್ಟು ಇಳಿಯುತ್ತಿತ್ತು. ನಾಲ್ಕನೆಯದರ ಫಿಲ್ಟರ್, ಅಂದರೆ ದನಿಯನ್ನು ಮಂದವೋ ಚುರುಕೋ ಮಾಡುವ ಭಾಗ, ಉಳಿದವಕ್ಕಿಂತ ತುಸು ತಡವಾಗಿ ಕಣ್ಣು ಬಿಡುತ್ತಿತ್ತು. ಹಾಗಾಗಿ ಅಕ್ಕ ಅದೇ ಸ್ವರಗಳನ್ನು ಎರಡು ಸಲ ಒತ್ತಿದರೂ ಎರಡೂ ಸಲ ಅದು ಒಂದೇ ಥರ ಕೇಳುತ್ತಿರಲಿಲ್ಲ. ಅಕ್ಕನ ಕೇಳುಗರು ಇದಕ್ಕೆ ಮರುಳಾಗಿದ್ದರು. ತಮ್ಮನಿಗೆ ಇದು ಮನೆತನದ ಮರ್ಯಾದೆಯ ಪ್ರಶ್ನೆಯಾಗಿತ್ತು.

ತಿಂಗಳಿಗೊಮ್ಮೆ ಅಕ್ಕನ ಫೋನ್ ಬರುತ್ತಿತ್ತು. "ಮೂರನೇದು ಇಳೀತಿದೆ ಕಣೋ, ಬಂದು ನೋಡು." ಇವನು ಇದ್ದಬದ್ದ ಕೆಲಸವನ್ನೆಲ್ಲ ಬಿಟ್ಟು ಬ್ಯಾಗು ಹೆಗಲಿಗೇರಿಸುತ್ತಿದ್ದ. ಹೋಗಿ, ಮುಚ್ಚಳ ಎತ್ತಿ, ಮೂರನೆಯದನ್ನು ತಕ್ಕಮಟ್ಟಿಗೆ ಮೇಲೆತ್ತಿ, ಇನ್ನೇನು ನಾಲ್ಕನೆಯದಕ್ಕೆ ಕೈ ಹಾಕಬೇಕು ಎನ್ನುವಾಗ ಅಕ್ಕ, "ಸಾಕು ಬಿಡು, ಟೀ ಆರ್ತಿದೆ" ಎನ್ನುತ್ತಿದ್ದಳು. ಪ್ರತಿ ಸಲವೂ ಅದೇ. ಅಕ್ಕನ ಟೀ ಯಾವಾಗಲೂ ನಾಲ್ಕನೇ ದನಿಯ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತಿತ್ತು. ಟೀ ಕುಡಿಯುತ್ತ ಅಕ್ಕ ಅವನ ಹೆಂಡತಿಯ ಮಂಡಿನೋವು, ಅಂಗಡಿಯ ಸೋರುವ ಕಿಟಕಿ, ಅವನ ಸಕ್ಕರೆ ಕಾಯಿಲೆ ಎಲ್ಲವನ್ನೂ ವಿಚಾರಿಸುತ್ತಿದ್ದಳು. ಅವನು ಹೂಂಗುಟ್ಟುತ್ತ ಮುಚ್ಚಿದ ಪೆಟ್ಟಿಗೆಯ ಕಡೆ ನೋಡುತ್ತ ಕೂತಿರುತ್ತಿದ್ದ. ಮನೆಗೆ ಬಂದು ಹೆಂಡತಿಗೆ, "ಒಂದು ದಿನ, ಒಂದೇ ದಿನ ನನ್ನ ಕೈಗೆ ಪೂರ್ತಿ ಬಿಟ್ರೆ ಅದನ್ನ ಹೇಗೆ ಮಾಡ್ತಿದ್ದೆ ಅಂತೀಯ" ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದ.

ಆ ಒಂದು ದಿನ ಬಂದದ್ದು ಒಂದು ಕಂಪನಿಯ ದೆಸೆಯಿಂದ.

ಕಂಪನಿಯವರು ಹೊಸ ಸಿಂಥಸೈಸರ್ ಮಾಡುತ್ತಿದ್ದರು. ಅದರಲ್ಲಿ ಇಲ್ಲದ್ದಿಲ್ಲ. ಹತ್ತು ದನಿಗಳು. ಕಟ್ಟಿದ ದನಿಯನ್ನು ನೂರಾರು ಸಂಖ್ಯೆಯಲ್ಲಿ ಎತ್ತಿಟ್ಟುಕೊಂಡು ಬೇಕೆಂದಾಗ ಕರೆಯುವ ನೆನಪಿನ ಶಕ್ತಿ. ಕೀ ಒತ್ತಿದ ಮೇಲೂ ಬೆರಳನ್ನು ಇನ್ನಷ್ಟು ಅದುಮಿದರೆ ದನಿ ಅರಳುವ ವ್ಯವಸ್ಥೆ. ಹತ್ತೂ ದನಿಗಳನ್ನು ಒಂದೇ ಕೀಗೆ ಕಟ್ಟಿ ಕಟ್ಟಡ ಅಲುಗಾಡಿಸುವ ವ್ಯವಸ್ಥೆ. ಶ್ರುತಿ ಅಲ್ಲಾಡಿದರೆ ತನ್ನನ್ನು ತಾನೇ ತಿದ್ದಿಕೊಳ್ಳುವ ಒಂದು ಗುಂಡಿ. ಇಷ್ಟೆಲ್ಲ ಮಾಡಿದ ಮೇಲೆ ಅವರಿಗೊಂದು ತೊಂದರೆ ಎದುರಾಯಿತು. ಅದು ತೀರಾ ಚೆನ್ನಾಗಿ ಬಂದುಬಿಟ್ಟಿತ್ತು. ಕೇಳಿದ ಸಂಗೀತಗಾರರೆಲ್ಲ "ಚೆನ್ನಾಗಿದೆ" ಎಂದು ಹೇಳಿ, ಮನೆಗೆ ಹೋಗಿ, ತಮ್ಮ ಹಳೆಯ ಪೆಟ್ಟಿಗೆಗಳನ್ನೇ ನುಡಿಸಿಕೊಂಡು ಕೂತರು. ಆಗ ಕಂಪನಿಯವರು ಇನ್ನೊಂದು ನಾಬ್ ಸೇರಿಸಲು ನಿರ್ಧರಿಸಿದರು. ಅದರ ಹೆಸರು 'ವಯಸ್ಸು'. ಎಡಕ್ಕೆ ತಿರುಗಿಸಿದರೆ ಹೊಸತು, ಬಲಕ್ಕೆ ತಿರುಗಿಸಿದಷ್ಟೂ ಹಳತು. ಕೊನೆಗೆ ಮುಟ್ಟಿದರೆ ದನಿಗಳೆಲ್ಲ ತಲೆಗೊಂದು ದಾರಿ ಹಿಡಿಯಬೇಕು. ಕೋಟಿ ಕೋಟಿ ಸುರಿದು ಸರಿ ಮಾಡಿದ್ದನ್ನು ಕೆಡಿಸಲು ಅವರಿಗೊಂದು ನಿಜವಾದ ಹಳೆಯ ಯಂತ್ರದ ತಪ್ಪುಗಳು ಬೇಕಾಗಿದ್ದವು. ಹುಡುಕಿಕೊಂಡು ಅಕ್ಕನ ಬಾಗಿಲಿಗೆ ಬಂದರು.

ಅಕ್ಕನಿಗೆ ಆದ ಸಂತೋಷಕ್ಕೆ ಕಾರಣ ಬೇರೆ ಇತ್ತು. ಅವಳ ಬೆರಳುಗಳು ಸೆಟೆಯಲು ಶುರುವಾಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತರೆ ಮಾತ್ರ ಮುಷ್ಟಿ ಬಿಚ್ಚುತ್ತಿತ್ತು. ಹೆಚ್ಚು ದಿನ ನುಡಿಸಲಾಗದು ಎಂದು ಡಾಕ್ಟರು ನಯವಾಗಿಯೇ ಹೇಳಿದ್ದರು. ತಮ್ಮನಿಗೆ ಫೋನ್ ಮಾಡಿದಾಗ ಅವಳ ದನಿಯೇ ಬದಲಾಗಿತ್ತು.

"ನನ್ನ ಪೆಟ್ಟಿಗೆ ಹೇಗಿದೆಯೋ ಹಾಗೇ ಅಳೀತಾರಂತೆ ಕಣೋ. ಹೊಸದರಲ್ಲಿ ನನ್ನ ದನೀನೇ ಬರುತ್ತಂತೆ. ನಾನು ಬಿಟ್ಟ ಮೇಲೂ ಅದು ಯಾರ ಮನೇಲೋ ಹಾಡ್ತಿರುತ್ತೆ. ಗುರುವಾರ ಬರ್ತಾರೆ, ನೀನೂ ಬಾ."

ಕಿವಿಯಣ್ಣ ಫೋನ್ ಇಟ್ಟು ಬೆವರಿದ. ಹೇಗಿದೆಯೋ ಹಾಗೇ. ಅಂದರೆ ಇಳಿದ ಮೂರನೆಯದು, ತೂಕಡಿಸುವ ನಾಲ್ಕನೆಯದು ಎಲ್ಲವೂ ಕಂಪನಿಯ ಕಂಪ್ಯೂಟರಿನ ಮೇಲೆ ಅಂಕಿಗಳಾಗಿ ಮೂಡುತ್ತವೆ. ಇದನ್ನು ನೋಡಿಕೊಳ್ಳುತ್ತಿದ್ದವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಅಕ್ಕ ಹೆಮ್ಮೆಯಿಂದ ಅವನ ಕಡೆ ಕೈ ತೋರಿಸುತ್ತಾಳೆ. ಅವನಿಗೆ ಅನ್ನ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ಅಕ್ಕ ಕೈಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗುವ ದಿನ. ಅಕ್ಕನ ಮನೆಯ ಇನ್ನೊಂದು ಬೀಗದ ಕೈ ತಮ್ಮನ ಹತ್ತಿರ ಇತ್ತು, ಆಪತ್ತಿಗಿರಲಿ ಎಂದು ಕೊಟ್ಟದ್ದು. ಇದಕ್ಕಿಂತ ದೊಡ್ಡ ಆಪತ್ತು ಯಾವುದು? ಅವನು ಬ್ಯಾಗು, ದೀಪ, ಅಳತೆಯ ಯಂತ್ರ ಎಲ್ಲ ಹೊತ್ತುಕೊಂಡು ಹೋದ. ಟೀ ಕೊಡುವವರಿರಲಿಲ್ಲ, ಸಾಕು ಬಿಡು ಎನ್ನುವವರೂ ಇರಲಿಲ್ಲ. ಐದೂ ಬೋರ್ಡುಗಳನ್ನು ಹೊರಗೆಳೆದು ಬ್ರಷ್ಷಿನಿಂದ ಧೂಳು ತೆಗೆದ. ಸುಸ್ತಾದ ಬಿಡಿಭಾಗಗಳನ್ನು ಕಿತ್ತು, ಹೊಸದು ಬೆಸೆದು, ಕಿತ್ತದ್ದನ್ನು ಅಭ್ಯಾಸಬಲದಿಂದ ಒಂದು ಬಿಸ್ಕೆಟ್ ಡಬ್ಬಿಗೆ ಹಾಕಿಕೊಂಡ. ಒಂದೊಂದು ದನಿಯನ್ನೂ ತಿದ್ದಿ, ಮತ್ತೆ ತಿದ್ದಿ, ಐವರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದ. ಸುಖ ಎಂದರೆ ಏನೆಂದು ಅವನಿಗೆ ಅವತ್ತು ತಿಳಿಯಿತು. ಹೊರಡುವಾಗ ಪೆಟ್ಟಿಗೆಯ ಮರದ ಅಂಚುಗಳಿಗೆ ಪಾಲಿಶ್ ಕೂಡ ಹಚ್ಚಿದ. ನೆಂಟರು ಬರುತ್ತಾರೆಂದು ಮನೆ ಗುಡಿಸಿ ಸಾರಿಸುವವರು ಮಾಡುವುದೂ ಇಷ್ಟೇ, ಇದರಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ತಪ್ಪಿಲ್ಲದಿದ್ದದ್ದೇ ತಪ್ಪಾಯಿತು.

ಗುರುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಕ್ಕನ ಪಕ್ಕದಲ್ಲಿ ಎದೆಯುಬ್ಬಿಸಿ ಕೂತ. ಕಂಪನಿಯಿಂದ ಬಂದವಳು ಒಬ್ಬ ಎಂಜಿನಿಯರ್ ಹುಡುಗಿ, ಮೃದು ಮಾತಿನವಳು. ತಂತಿ ಜೋಡಿಸಿ, ಪೆಟ್ಟಿಗೆ ಬಿಸಿಯಾಗಲು ಬಿಟ್ಟು, ಒಂದೊಂದೇ ಕೀ ಒತ್ತಿ ತೆರೆಯ ಮೇಲೆ ನೋಡಿದಳು. ಮತ್ತೆ ಒತ್ತಿದಳು. ತಂತಿ ಸರಿಯಾಗಿ ಕೂತಿದೆಯೋ ಎಂದು ಅಲುಗಾಡಿಸಿ ನೋಡಿದಳು.

"ಸರ್, ಇದು ತುಂಬಾ ಚೆನ್ನಾಗಿದೆ" ಎಂದಳು ಅವಳು.

"ನಾನೇ ನೋಡ್ಕೊಳ್ಳೋದು" ಎಂದ ಕಿವಿಯಣ್ಣ.

"ನಮ್ಮ ಹೊಸ ಯಂತ್ರಕ್ಕಿಂತ ಚೆನ್ನಾಗಿದೆ."

"ನೋಡಿ ಮತ್ತೆ."

"ಅಲ್ಲ ಸರ್, ನಮಗೆ ಚೆನ್ನಾಗಿರೋದು ಬೇಡ. ನಾವು ಬಂದಿದ್ದು ಇದರ ತಪ್ಪುಗಳಿಗೆ."

ಕಿವಿಯಣ್ಣ ಇದು ದೊಡ್ಡ ಕಂಪನಿಯವರ ತಮಾಷೆ ಇರಬೇಕೆಂದು ನಕ್ಕ. ನಗು ಮುಗಿಯುವ ಮೊದಲೇ ಅಕ್ಕ ಎದ್ದು ಹೋಗಿ ಪೆಟ್ಟಿಗೆಯ ಮುಂದೆ ಕೂತು ಕೀಗಳ ಮೇಲೆ ಕೈಯಿಟ್ಟಳು. ರೈಲು ನಿಲ್ದಾಣದ ಆ ನಾಲ್ಕು ಸ್ವರ ನುಡಿಸಿದಳು. ಮತ್ತೊಮ್ಮೆ ನುಡಿಸಿದಳು. ಎರಡೂ ಸಲ ಒಂದೇ ಥರ ಕೇಳಿಸಿತು. ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನಿನ್ನೆ ಬಂದಿದ್ಯಾ?"

"ಹೂಂ" ಎಂದ. ಆ 'ಹೂಂ'ನಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಅವನು ಮಾತಿಗೆ ಮಾತು ಬೆಳೆಸಿ ಗೆದ್ದು ಬರುತ್ತಿದ್ದ. ಎಂಜಿನಿಯರ್ ಹುಡುಗಿ ಸಾಮಾನು ಕಟ್ಟಿಕೊಂಡು, ವರ್ಷ ಮುಗಿಯುವುದರೊಳಗೆ ಇನ್ನೊಂದು ಸಲ ಬರಬಹುದು, ಆಮೇಲೆ ಕಂಪನಿ ಕಾಯುವುದಿಲ್ಲ, ಕಂಪ್ಯೂಟರಿನಲ್ಲೇ ಏನಾದರೂ ತಪ್ಪುಗಳನ್ನು ಕಟ್ಟಿ ಹಾಕಿಬಿಡುತ್ತಾರೆ ಎಂದು ಹೇಳಿ ಹೋದಳು. ಅವಳು ಹೋದ ಮೇಲೆ ಅಕ್ಕ ಕೈ ಚಾಚಿ, "ಬೀಗದ ಕೈ ಕೊಡು" ಎಂದಳು. ಅವನು ಗೊಂಚಲಿನಿಂದ ಅದನ್ನು ಬಿಡಿಸಲು ಹೆಣಗಾಡಿದ. ಬಿಡಿಸುವವರೆಗೂ ಅಕ್ಕ ಕೈ ಚಾಚಿಯೇ ನಿಂತಿದ್ದಳು.

ಮುಂದಿನ ತಿಂಗಳು ಫೋನ್ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಅಷ್ಟು ಚೆನ್ನಾಗಿ ಶ್ರುತಿ ಮಾಡಿದ ಮೇಲೆ ಬರಬೇಕಾದ ಕಾರಣವೂ ಇರಲಿಲ್ಲವಲ್ಲ, ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವಾಗಲಿಲ್ಲ. ಅಂಗಡಿಯಲ್ಲಿ ಫೋನ್ ಬಡಿದುಕೊಂಡಾಗಲೆಲ್ಲ ಕಿವಿ ನಿಮಿರುತ್ತಿತ್ತು. ಎತ್ತಿದರೆ ಯಾವುದೋ ಬ್ಯಾಂಕಿನವರು ಸಾಲ ಬೇಕೇ ಎನ್ನುತ್ತಿದ್ದರು. ಹೆಂಡತಿ ಒಂದು ದಿನ ತಟ್ಟೆ ಒರೆಸುತ್ತ, "ನಿಮ್ಮಕ್ಕ ಈಗ ನುಡಿಸೋದನ್ನೇ ಬಿಟ್ಟಿದ್ದಾರಂತೆ. ಪೆಟ್ಟಿಗೆ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ದಾರೆ" ಎಂದಳು.

"ನಿಂಗೆ ಹೇಗೆ ಗೊತ್ತು?"

"ನಂಗೆ ಫೋನ್ ಮಾಡ್ತಾರೆ. ದಿನಾ ಮಾಡ್ತಾರೆ."

"ಏನಂದ್ಲು?"

"ಪೆಟ್ಟಿಗೆ ಈಗ ತುಂಬಾ ಒಳ್ಳೆಯವರ ಹಾಗೆ ಮಾತಾಡುತ್ತಂತೆ. ಪರಿಚಯ ಇಲ್ಲದವರ ಹಾಗೆ." ತಟ್ಟೆಯನ್ನು ಗೂಡಿನಲ್ಲಿಟ್ಟು ಆಕೆ ಸೇರಿಸಿದಳು, "ನನ್ನ ಕೇಳಿದ್ರೆ ನಾನು ಮೊದಲೇ ಹೇಳ್ತಿದ್ದೆ. ನಿಮ್ಮ ಕೈಗೆ ಸಿಕ್ಕ ಮೇಲೆ ಯಾರು ತಾನೆ ಮತ್ತೆ ಹಾಡ್ತಾರೆ?"

ಈ ಮಾತು ಅವನಿಗೆ ಚುಚ್ಚಿತು. ಅಕ್ಕನ ಬೆರಳಿಗೆ ಉಳಿದಿದ್ದ ಸ್ವಲ್ಪ ಕಾಲವನ್ನು ತಾನು ಬೆಡ್‌ಶೀಟಿನ ಕೆಳಗೆ ಹಾಕಿ ಬಂದಿದ್ದೇನೆ ಎಂದು ಅವನಿಗೆ ಅರ್ಥವಾಯಿತು. ಮಾರನೇ ದಿನ ಬಿಸ್ಕೆಟ್ ಡಬ್ಬಿ ಹಿಡಿದುಕೊಂಡು ಅಕ್ಕನ ಮನೆಗೆ ಹೋದ. ಅಕ್ಕ ಬಾಗಿಲಿನ ಚಿಲಕದ ಸರಪಳಿ ತೆಗೆಯದೆ ಸಂದಿಯಿಂದ ನೋಡಿದಳು.

"ತಪ್ಪುಗಳೆಲ್ಲ ಇದರಲ್ಲಿವೆ" ಎಂದು ಅವನು ಡಬ್ಬಿ ಅಲ್ಲಾಡಿಸಿ ತೋರಿಸಿದ. "ವಾಪಸ್ ಹಾಕಿಕೊಡ್ತೀನಿ."

ಅಕ್ಕ ಸರಪಳಿ ತೆಗೆದಳು.

ತಾನೇ ಹಾಕಿದ ಹೊಸ ಭಾಗಗಳನ್ನು ಕಿತ್ತು ಸುಸ್ತಾದ ಹಳೆಯವನ್ನೇ ಬೆಸೆಯುವುದು ಅವನಿಗೆ ತನ್ನ ಕೈಯಿಂದಲೇ ತನ್ನ ಮುಖಕ್ಕೆ ಮಸಿ ಬಳಿದುಕೊಂಡಷ್ಟು ಕಷ್ಟವಾಯಿತು. ಅಕ್ಕ ಎದುರಿಗೇ ಕೈಕಟ್ಟಿ ನಿಂತಿದ್ದಳು. ಐದನೇ ಬೋರ್ಡಿಗೆ ಬರುವಷ್ಟರಲ್ಲಿ ಅವನ ಕೈ ನಡುಗುತ್ತಿತ್ತು. ಬೆಸೆದು ಮುಗಿಸಿ, ಇನ್ನು ಶ್ರುತಿ ಕೆಡಿಸಬೇಕು ಎಂದು ಕೂತ. ಮೂರನೆಯದನ್ನು ಒಂಚೂರು ಇಳಿಸಿದ. ಅಕ್ಕ ಕೀ ಒತ್ತಿ, "ಇದು ನಾಟಕ" ಎಂದಳು. ಇನ್ನಷ್ಟು ಇಳಿಸಿದ. "ಇದು ಇನ್ನೂ ದೊಡ್ಡ ನಾಟಕ." ನಾಲ್ಕನೆಯದನ್ನು ತಡ ಮಾಡಿಸಿದ. ಅದು ಬೇಕೆಂದೇ ತಡವಾಗಿ ಬಂದವರ ಹಾಗೆ ಕೇಳಿಸಿತು, ಅವನಿಗೇ ಕೇಳಿಸಿತು. ಜೀವಮಾನವಿಡೀ ಸರಿ ಮಾಡಿದವನಿಗೆ ತಪ್ಪು ಮಾಡಲು ಬರಲಿಲ್ಲ. ಕೆಡಿಸಿದ್ದನ್ನೆಲ್ಲ ಮತ್ತೆ ಶ್ರುತಿಗೆ ತಂದು, ಸ್ಕ್ರೂಡ್ರೈವರ್ ಕೆಳಗಿಟ್ಟು ಅವನು ಸಿಟ್ಟಿನಿಂದಲೇ ಕೇಳಿದ.

"ನಿನಗೆ ತಪ್ಪೇ ಬೇಕಿದ್ರೆ ಪ್ರತಿ ತಿಂಗಳೂ ನನ್ನ ಯಾಕೆ ಕರೀತಿದ್ದೆ?"

"ಕರೆಯದೆ ನೀನು ಯಾವತ್ತಾದ್ರೂ ಬಂದಿದ್ಯಾ?" ಎಂದಳು ಅಕ್ಕ. "ಇವತ್ತು ಬಿಟ್ರೆ, ಕರೆಯದೆ ಬಂದಿದ್ದು ಆ ಬುಧವಾರ ಒಂದೇ ಸಲ."

ಕಿವಿಯಣ್ಣನಿಗೆ ಅಷ್ಟು ವರ್ಷಗಳ ಟೀಯೆಲ್ಲ ಒಟ್ಟಿಗೇ ನೆನಪಾಯಿತು.

ಅಕ್ಕ ಬೆಡ್‌ಶೀಟು ಮಡಚಿಟ್ಟು ತೀರ್ಪು ಕೊಟ್ಟಳು. ಪೆಟ್ಟಿಗೆಯನ್ನು ಇನ್ನು ಯಾರೂ ತೆರೆಯುವಂತಿಲ್ಲ. ತಾನು ದಿನವೂ ನುಡಿಸುತ್ತೇನೆ; ಬಿಸಿಯಾಗಿ, ತಣ್ಣಗಾಗಿ, ಅದು ತನಗೆ ಬೇಕಾದ ಕಡೆ ಇಳಿಯಲಿ, ಏರಲಿ. ಅವನು ಬರಬಹುದು. ದಿನವೂ ಬಂದರೂ ಆಯಿತು. "ಆದ್ರೆ ಆ ಬ್ಯಾಗು ಚಪ್ಪಲಿ ಪಕ್ಕದಲ್ಲಿ ಇರಬೇಕು. ಒಳಗೆ ತರೋ ಹಾಗಿಲ್ಲ."

ಹೀಗೆ ಕಿವಿಯಣ್ಣನ ವನವಾಸ ಶುರುವಾಯಿತು. ಸಂಜೆ ಅಂಗಡಿ ಮುಚ್ಚಿ ಬಂದು, ಬ್ಯಾಗು ಹೊಸ್ತಿಲಾಚೆ ಇಟ್ಟು, ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ. ಅಕ್ಕ ಬಿಸಿನೀರಿನಿಂದ ಕೈ ತೆಗೆದು ಒರೆಸಿಕೊಂಡು ನುಡಿಸುತ್ತಿದ್ದಳು. ಮೊದಲ ಕೆಲವು ವಾರ ಪೆಟ್ಟಿಗೆ ಹಟಕ್ಕೆ ಬಿದ್ದಂತೆ ಶ್ರುತಿಯಲ್ಲೇ ಇತ್ತು. ಅವನ ಕೆಲಸ ಅಷ್ಟು ಗಟ್ಟಿ. ಆಮೇಲೆ ಒಂದು ಸಂಜೆ ಎರಡನೆಯದು ನಿಧಾನವಾಗಿ ಮೇಲೇರತೊಡಗಿತು. ಅವನ ಬಲಗೈ ಕಿವಿಯ ಹಿಂದಕ್ಕೆ ಹೋಗಿ ಸ್ಕ್ರೂಡ್ರೈವರ್ ಹುಡುಕಿತು. ಅದೂ ಬ್ಯಾಗಿನಲ್ಲಿತ್ತು. ಅವನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ ಕೂತ. "ಮೈ ಪರಚಿಕೊಳ್ಳೋ ಹಾಗಾಗ್ತಿದೆಯಾ?" ಎಂದು ಅಕ್ಕ ನುಡಿಸುತ್ತಲೇ ಕೇಳಿದಳು. ಅವಳ ಮುಖದಲ್ಲಿ ತಿಂಗಳುಗಳ ಮೇಲೆ ನಗು ಕಾಣಿಸಿತ್ತು.

ಮಾಡಲು ಕೆಲಸವಿಲ್ಲದ ಕಿವಿಗೆ ಬೇರೆ ಸಂಗತಿಗಳು ಕೇಳಿಸತೊಡಗಿದವು. ಅಕ್ಕ ಎಡಗೈಯ ಕಿರುಬೆರಳನ್ನು ಈಗ ಬಳಸುತ್ತಿರಲಿಲ್ಲ. ಆ ಸ್ವರವನ್ನು ಬಿಟ್ಟು, ಬಿಟ್ಟದ್ದು ತಿಳಿಯದಂತೆ ಉಳಿದವನ್ನು ಜೋಡಿಸಿಕೊಂಡಿದ್ದಳು. ಒಂದು ಸಾಲು ಮುಗಿಯುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದಳು, ನೋವಿಗಾಗಿ. ಅಷ್ಟು ವರ್ಷ ತಾನು ಈ ಪೆಟ್ಟಿಗೆಯ ಒಳಗನ್ನು ಬಲ್ಲವನೇ ಹೊರತು ಅದರ ಮೇಲೆ ಆಡುವ ಕೈಗಳನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಪೆಟ್ಟಿಗೆ ಹಳತಾಗುವುದರೊಳಗೆ ಬೆರಳು ನಿಂತುಹೋದರೆ ಎಂಬ ಹೆದರಿಕೆಯೂ ಆಯಿತು. ಶ್ರುತಿ ಬೇಗ ಕೆಡಲಿ ಎಂದು ಜೀವನದಲ್ಲಿ ಮೊದಲ ಸಲ ಅವನು ಮನಸಾರೆ ಬಯಸಿದ.

ಕೆಟ್ಟಿತು. ಆದರೆ ಮೊದಲಿನ ಹಾಗಲ್ಲ. ಮೂರನೆಯದರ ಬದಲು ಎರಡನೆಯದು ಏರಿತು, ಒಂದನೆಯದು ಇಳಿಯಿತು. ಅದನ್ನು ಅವನು ಅಳುಕುತ್ತಲೇ ಹೇಳಿದಾಗ ಅಕ್ಕ, "ನಾನೂ ಮೊದಲಿನ ಹಾಗಿಲ್ಲ. ಇವರು ನನ್ನ ಈಗಿನ ಬೆರಳಿನ ಜೊತೆ ಹಳಬರಾದೋರು" ಎಂದಳು.

ವರ್ಷದ ಕೊನೆಗೆ ಎಂಜಿನಿಯರ್ ಹುಡುಗಿ ಮತ್ತೆ ಬಂದಳು. ಈ ಸಲ ಕಿವಿಯಣ್ಣನ ಅಂಗಿಗೆ ಇಸ್ತ್ರಿ ಇರಲಿಲ್ಲ. ಅವಳು ತಂತಿ ಜೋಡಿಸಿ ಅಳೆಯುತ್ತ ಹೋದಂತೆ ಮುಖ ಅರಳಿತು. ಐದನೆಯ ದನಿಗೆ ಬಂದಾಗ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು.

"ಇದನ್ನ ಕೇಳಿ ಮೇಡಂ. ಬಿಸಿಯಾದ ಮೇಲೆ ಕೊನೇಲಿ ಸಣ್ಣಗೆ ನಡುಗುತ್ತೆ. ಇಂಥದ್ದು ನಾನು ಎಲ್ಲೂ ಕೇಳಿಲ್ಲ. ಇದು ಹೇಗೆ ಬಂತು?"

ಕಿವಿಯಣ್ಣನಿಗೆ ಇಷ್ಟು ದಿನ ವಯಸ್ಸಿನದೆಂದುಕೊಂಡಿದ್ದ ಆ ನಡುಕ ಹೇಗೆ ಬಂತೆಂದು ಆ ಕ್ಷಣವೇ ತಿಳಿಯಿತು. ಅದು ವಯಸ್ಸೂ ಅಲ್ಲ, ಜೀವವೂ ಅಲ್ಲ. ಅದು ಡ್ರೈ ಸೋಲ್ಡರ್. ಬೆಸುಗೆ ಅಂಟಿದಂತೆ ಕಾಣುತ್ತದೆ, ಆದರೆ ಹಿಡಿದಿರುವುದಿಲ್ಲ. ಬೋರ್ಡು ಬಿಸಿಯಾದಾಗ ಒಳಗೊಳಗೇ ಅಲ್ಲಾಡುತ್ತದೆ. ಅವತ್ತು ಐದನೇ ಬೋರ್ಡಿನ ಮೇಲೆ ಅವನ ಕೈ ನಡುಗಿತ್ತಲ್ಲ, ಅದರ ಫಲ. ಅವನ ಕೈಯಿಂದ ಹೊರಬಿದ್ದ ಮೊಟ್ಟಮೊದಲ ಕೆಟ್ಟ ಬೆಸುಗೆ ಕಂಪ್ಯೂಟರಿನ ತೆರೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಅವನು ಎದ್ದು, "ಒಂದು ನಿಮಿಷ, ಅದು ಏನಂದ್ರೆ..." ಎಂದು ಬಾಯಿ ತೆರೆದ. ಅಕ್ಕ ಮೇಜಿನ ಕೆಳಗೆ ಅವನ ಕಾಲನ್ನು ಬಲವಾಗಿ ತುಳಿದಳು.

"ಅದು ನಮ್ಮ ಮನೆತನದ್ದು" ಎಂದಳು ಹುಡುಗಿಗೆ. "ಬರ್ಕೊಳ್ಳಿ."

ಹೊಸ ಸಿಂಥಸೈಸರ್ ಮಾರುಕಟ್ಟೆಗೆ ಬಂತು, ಬಿಸಿಬಿಸಿಯಾಗಿ ಖರ್ಚಾಯಿತು. ವಯಸ್ಸಿನ ನಾಬನ್ನು ಬಲಕ್ಕೆ ತಿರುಗಿಸಿದರೆ ಐದನೆಯ ದನಿ, ಅದರ ಜೋಡಿಯಾದ ಹತ್ತನೆಯ ದನಿ, ಎರಡೂ ಕೊನೆಯಲ್ಲಿ ಸಣ್ಣಗೆ ನಡುಗುತ್ತಿದ್ದವು. ಅದರ ಬಗ್ಗೆ ಬರೆದವರಿಗೆ ಬರೆದು ಮುಗಿಯಲಿಲ್ಲ. ಒಬ್ಬರು ಅದನ್ನು ಯಂತ್ರದ ಆತ್ಮ ಎಂದರು, ಇನ್ನೊಬ್ಬರು ತಾಯಿಯ ಕರುಳು ಎಂದರು. ಅಂಗಡಿಗೆ ಬರುವ ಸಂಗೀತಗಾರರು ಕಿವಿಯಣ್ಣನ ಎದುರಿಗೇ ಕೂತು, ಇಂಥ ನಡುಕ ಈಗಿನ ಕಾಲದವರ ಕೈಯಲ್ಲಿ ಸಾಧ್ಯವೇ ಇಲ್ಲ ಎಂದು ತಲೆದೂಗುತ್ತಿದ್ದರು. ಸಾವಿರಾರು ಮನೆಗಳಲ್ಲಿ ತನ್ನ ಕೆಟ್ಟ ಬೆಸುಗೆ ಹಾಡುತ್ತಿದೆ, ಒಂದನ್ನೂ ತಾನು ತಿದ್ದುವಂತಿಲ್ಲ ಎಂದು ಯೋಚಿಸಿ ಅವನು ಮೇಜಿನ ಕಡೆಗೆ ತಿರುಗಿಬಿಡುತ್ತಿದ್ದ. ಕಸುಬು ಬಿಡುತ್ತೇನೆ ಎಂಬ ಮಾತನ್ನು ಅವನು ಆಡುವುದು ನಿಂತದ್ದನ್ನು ಯಾರೂ ಗಮನಿಸಲಿಲ್ಲ.

ಕಂಪನಿಯವರು ಅಕ್ಕನಿಗೊಂದು ಹೊಸ ಪೆಟ್ಟಿಗೆ ಕಳಿಸಿಕೊಟ್ಟರು. ಅದರ ಕೀಗಳು ಮೃದು. ಎರಡು ಬೆರಳು ಸಾಕು, ಮೆಲ್ಲಗೆ ಅದುಮಿದರೆ ದನಿ ತಾನೇ ಅರಳುತ್ತಿತ್ತು. ಹಳೆಯದರ ಮೇಲೆ ಮತ್ತೆ ಬೆಡ್‌ಶೀಟು ಬಿತ್ತು, ಈ ಸಲ ಪ್ರೀತಿಯಿಂದ. ಕಿವಿಯಣ್ಣ ಹೋಗಿ ನೋಡಿ, ಹೊಗಳಿ, ಶ್ರುತಿ ತಿದ್ದಿಕೊಳ್ಳುವ ಗುಂಡಿಯನ್ನು ಒಮ್ಮೆ ಒತ್ತಿದ. ಹತ್ತು ದನಿಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲಾಗಿ ನಿಂತವು. ಅಷ್ಟು ಕೆಲಸಕ್ಕೆ ಅವನಿಗೆ ಅರ್ಧ ದಿನ ಬೇಕಾಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ, "ಇನ್ನು ಅಕ್ಕನಿಗೆ ನನ್ನಿಂದ ಆಗಬೇಕಾದ್ದೇನೂ ಇಲ್ಲ" ಎಂದ. ಕೆಲಸವಿಲ್ಲದೆ ಒಬ್ಬರ ಮನೆಗೆ ಹೇಗೆ ಹೋಗಬೇಕೆಂದು ಅವನಿಗೆ ಈ ವಯಸ್ಸಿನಲ್ಲೂ ಗೊತ್ತಿರಲಿಲ್ಲ. ಎರಡು ಸಲ ಹೊರಟವನು ಬಸ್ ನಿಲ್ದಾಣದಿಂದ ವಾಪಸು ಬಂದ.

ತಿಂಗಳು ತುಂಬಿದ ಮೇಲೆ ಫೋನ್ ಬಂತು.

"ಐದನೇದು ನಡುಗ್ತಿದೆ ಕಣೋ. ಬಂದು ನೋಡು."

"ಹಳೇದೋ ಹೊಸದೋ?"

"ಹೊಸದು."

ಹೊಸದರ ಐದನೆಯದು ನಡುಗಲೆಂದೇ ಇದೆ. ನಾಬನ್ನು ಎಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಇದು ಅವನಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅಷ್ಟನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು, ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಹೌದಾ" ಎಂದ ಕಿವಿಯಣ್ಣ. "ಅದು ಫೋನಲ್ಲಿ ಸರಿಹೋಗೋ ಅಂಥದ್ದಲ್ಲ. ಬರ್ತೀನಿ."

ಅಕ್ಕನ ಮನೆಯ ಕಾಲಿಂಗ್ ಬೆಲ್ಲು ಸ್ವಲ್ಪ ಇಳಿದಿತ್ತು. ಅವನು ಅದರ ಮಾತೆತ್ತಲಿಲ್ಲ. ಯಾರೂ ಹೇಳದಿದ್ದರೂ ಬ್ಯಾಗನ್ನು ಚಪ್ಪಲಿಯ ಪಕ್ಕದಲ್ಲಿಟ್ಟು ಒಳಗೆ ಹೋದ.